ಕೋವಿಗೆ ಬದಲಿ ಮದ್ದು: ಕೈ ಹಾಕುವ ಮೊದಲು ಒಂದು ಮಾತು



ಅಡಿಕೆ ಎಳೆಗಾಯಿ ಹಿಡಿದಾಗ ಮಂಗ, ಗದ್ದೆ ತೆನೆಗಟ್ಟಿದಾಗ ಹಂದಿ, ಕಾಫಿ ತೋಟದಲ್ಲಿ ಹಲಸು ಹಣ್ಣಾದಾಗ ಆನೆ. ಇವುಗಳ ಕಾಟವನ್ನು ನಮ್ಮ ಬೆಳೆಗಾರರಿಗೆ ಹೊಸದಾಗಿ ವಿವರಿಸಬೇಕಾಗಿಲ್ಲ. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿ ನಮ್ಮಲ್ಲಿ ಅನೇಕರ ಮನೆಯಲ್ಲಿದೆ. ಕೊಡಗಿನಲ್ಲಂತೂ ಕೋವಿಗೆ ಕೈಲ್ ಪೊಳ್ದ್ ದಿನ ಪೂಜೆಯೇ ಸಲ್ಲುತ್ತದೆ. ಆದರೆ ಕೋವಿ ಇದ್ದ ಮಾತ್ರಕ್ಕೆ ಆಗಲಿಲ್ಲ. ಅದಕ್ಕೆ ತೋಟಾ ಬೇಕು, ಕೇಪಿನ ಕೋವಿಯಾದರೆ ಮದ್ದು ಬೇಕು. ಇವು ಬೇಕಾದ ಹೊತ್ತಿಗೆ ಸಿಗದಿರುವುದೂ ಉಂಟು.

ಒಂದು ಮಳೆಗಾಲದ ಸಂಜೆ ನಮ್ಮ ಸದಸ್ಯರೊಬ್ಬರು ಸಂಘದ ಕಚೇರಿಗೆ ಬಂದು ಕೊಡೆ ಮಡಚುತ್ತಲೇ ಕೇಳಿದರು: “ಅಲ್ಲ ಮಾರಾಯ್ರೆ, ಪೇಟೆಯಲ್ಲಿ ಹನ್ನೆರಡು ಬೋರಿನ ತೋಟಾ ಬಂದಿಲ್ಲ ಅಂತಾರೆ. ಅಜ್ಜನ ಕಾಲದ ಕೇಪಿನ ಕೋವಿ ಅಟ್ಟದ ಮೇಲಿದೆ, ಅದಕ್ಕೂ ಮದ್ದಿಲ್ಲ. ಹಳೆಯ ತೋಟಾ ನಾಲ್ಕು ಉಳಿದಿವೆ. ಅದನ್ನೇ ಒಡೆದು ಒಳಗಿನ ಮದ್ದನ್ನು ಕೇಪಿನ ಕೋವಿಗೆ ತುಂಬಿದರೆ ಆಗುವುದಿಲ್ಲವೆ?”

ಪ್ರಶ್ನೆ ಸರಳವಾಗಿ ಕಂಡರೂ ಉತ್ತರ ಪ್ರಾಣದ ಮಾತು. ಆಗುವುದಿಲ್ಲ ಎಂದು ಹೇಳಿ ಅವರನ್ನು ಕೂರಿಸಿ ಕಾಫಿ ಕೊಟ್ಟೆವು. ಅಂದು ಅವರಿಗೆ ಹೇಳಿದ್ದನ್ನೇ ಇನ್ನಷ್ಟು ವಿವರವಾಗಿ ಇಲ್ಲಿ ಬರೆಯುತ್ತಿದ್ದೇವೆ.

ಎರಡು ಮದ್ದು, ಎರಡು ಗುಣ

ಕೇಪಿನ ಕೋವಿಗೆ ಹಾಕುವುದು ಕರಿಮದ್ದು. ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿ ಆದದ್ದು. ಶತಮಾನಗಳಿಂದ ಬಂದದ್ದು, ಹೊಗೆ ಬಹಳ, ಮಸಿ ಬಹಳ. ತೋಟಾದ ಒಳಗಿರುವುದು ಹೊಗೆ ಕಡಮೆಯ ಮದ್ದು. ಹತ್ತಿ ಮೊದಲಾದವುಗಳ ನಾರನ್ನು ಆಮ್ಲದಲ್ಲಿ ಸಂಸ್ಕರಿಸಿ ಪಡೆದ ನೈಟ್ರೋಸೆಲ್ಯುಲೋಸ್ ಅದರ ಮೂಲ. 1884ರಲ್ಲಿ ಫ್ರಾನ್ಸಿನ ಪಾಲ್ ವೀಯ್ ಎಂಬ ರಸಾಯನತಜ್ಞ ಇದನ್ನು ಮೊದಲು ಬಳಕೆಗೆ ತಂದ.

ಒಲೆಗೆ ಹಾಕಿದ ಹಲಸಿನ ಕೊರಡು ಒಂದು ರೀತಿ ಉರಿಯುತ್ತದೆ, ಒಣಗಿದ ಅಡಿಕೆ ಸೋಗೆ ಇನ್ನೊಂದು ರೀತಿ ಉರಿಯುತ್ತದೆ. ಎರಡೂ ಸೌದೆಯೇ, ಆದರೆ ಒಂದರ ಬದಲಿಗೆ ಇನ್ನೊಂದನ್ನು ಅಷ್ಟೇ ಅಳತೆಯಲ್ಲಿ ಹಾಕಿದರೆ ಅಡುಗೆ ಕೆಡುತ್ತದೆ. ಕೋವಿಯಲ್ಲಿ ಕೆಡುವುದು ಅಡುಗೆಯಲ್ಲ, ನಳಿಗೆ.

ಹೊಗೆ ಕಡಮೆಯ ಮದ್ದಿನ ಸ್ವಭಾವವೆಂದರೆ, ಒತ್ತಡ ಹೆಚ್ಚಿದಂತೆಲ್ಲ ಅದು ಇನ್ನೂ ವೇಗವಾಗಿ ಉರಿಯುತ್ತದೆ; ವೇಗವಾಗಿ ಉರಿದಂತೆ ಒತ್ತಡ ಮತ್ತೂ ಏರುತ್ತದೆ. ಕರಿಮದ್ದಿನಲ್ಲಿ ಈ ಏರಿಕೆ ಅಷ್ಟು ತೀವ್ರವಲ್ಲ. ಕರಿಮದ್ದಿನ ಒತ್ತಡ ತಾಳಲು ಮಾಡಿದ ಹಳೆಯ ನಳಿಗೆಗೆ ತೋಟಾದ ಮದ್ದನ್ನು ಅದೇ ಅಳತೆಯ ಚಿಪ್ಪಿನಲ್ಲಿ ಅಳೆದು ಸುರಿದರೆ ನಳಿಗೆ ಸೀಳುತ್ತದೆ. ನಳಿಗೆಯ ಕೆಳಗಿರುವುದು ಎಡಗೈ, ಹಿಂದಿರುವುದು ಕಣ್ಣು. ಅಮೆರಿಕದಲ್ಲಿ ಮಾರುವ ಕೇಪಿನ ಕೋವಿಗಳ ಕೈಪಿಡಿಗಳಲ್ಲಿ ಇದೇ ಎಚ್ಚರಿಕೆಯನ್ನು ಎಲ್ಲಕ್ಕಿಂತ ಮೊದಲು ಅಚ್ಚು ಹಾಕುವುದು ಸುಮ್ಮನೆ ಅಲ್ಲ.

ಕೊರತೆ ನಮಗೆ ಮಾತ್ರ ಬಂದದ್ದಲ್ಲ

ಮದ್ದಿನ ಅಭಾವ ದೊಡ್ಡ ಸಾಮ್ರಾಜ್ಯಗಳನ್ನೂ ಕಾಡಿದೆ. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟನ್ನಿಗೆ ಕಾರ್ಡೈಟ್ ಮದ್ದು ತಯಾರಿಸಲು ಅಸಿಟೋನ್ ದ್ರಾವಕ ಸಾಲದೆ ಹೋಯಿತು. ಆಗ ರಸಾಯನತಜ್ಞ ಚೈಮ್ ವೈಜ್‌ಮನ್ ಮುಸುಕಿನ ಜೋಳವನ್ನು ಹುದುಗಿಸಿ ಅಸಿಟೋನ್ ತೆಗೆಯುವ ಕ್ರಮವನ್ನು ಕೊಟ್ಟರು. ಇವರೇ ಮುಂದೆ ಇಸ್ರೇಲಿನ ಮೊದಲ ಅಧ್ಯಕ್ಷರಾದವರು. 1917ರಲ್ಲಿ ಧಾನ್ಯಕ್ಕೂ ತತ್ವಾರವಾದಾಗ ಶಾಲಾ ಮಕ್ಕಳ ಕೈಯಲ್ಲಿ ಕಾಡುಕಾಯಿಗಳನ್ನು ಆಯಿಸಿ ಕಾರ್ಖಾನೆಗೆ ಕಳಿಸಿದರು. ಇಳುವರಿ ಮಾತ್ರ ಆಶಾದಾಯಕವಾಗಲಿಲ್ಲ. ಅಸಿಟೋನ್ ಇಲ್ಲದೆಯೇ ಮಾಡಬಹುದಾದ ಇನ್ನೊಂದು ಬಗೆಯ ಕಾರ್ಡೈಟನ್ನೂ ಹುಡುಕಿದರು. ಅದು ಯುದ್ಧದ ತುರ್ತಿಗೆ ಒದಗಿತು, ಆದರೆ ಬಹುಕಾಲ ದಾಸ್ತಾನಿಟ್ಟರೆ ಕೆಡುವ ದೋಷ ಅದಕ್ಕಿತ್ತು. ಪ್ರಯೋಗಶಾಲೆ, ಪರೀಕ್ಷಾ ಕೋವಿ, ನೂರಾರು ತಜ್ಞರು ಇದ್ದವರ ಬದಲಿ ಮದ್ದಿನ ಕಥೆಯೇ ಹೀಗೆ.

ಎರಡನೆಯ ಮಹಾಯುದ್ಧದ ನಂತರ ಅಮೆರಿಕದಲ್ಲಿ ಬೇರೊಂದು ದಾರಿ ತೆರೆಯಿತು. ಖಾಲಿ ತೋಟಾಗಳನ್ನು ಮನೆಯಲ್ಲೇ ಮತ್ತೆ ತುಂಬುವ ಹವ್ಯಾಸ ಅಲ್ಲಿ ಕಾನೂನುಬದ್ಧ, ವ್ಯಾಪಕ. ಕಾನ್ಸಾಸ್ ರಾಜ್ಯದ ಬ್ರೂಸ್ ಹಾಜ್ಡನ್ ಎಂಬವರು ಸೈನ್ಯದಲ್ಲಿ ಮಿಕ್ಕ ಮದ್ದನ್ನು ಸರ್ಕಾರದಿಂದ ಕೊಂಡು ಅಗ್ಗದಲ್ಲಿ ಮಾರತೊಡಗಿದರು. ಅವುಗಳಲ್ಲಿ 4831 ಎಂಬ ಸಂಖ್ಯೆಯ ಮದ್ದು ಮೂಲತಃ 20 ಮಿಲಿಮೀಟರ್ ಫಿರಂಗಿಯದು. ಮುಂದೆ 1970ರ ದಶಕದಲ್ಲಿ ಇನ್ನೊಂದು ಕಂಪನಿ ಅದೇ 4831 ಸಂಖ್ಯೆಯಲ್ಲಿ ಹೊಸ ಮದ್ದನ್ನು ಹೊರತಂದಿತು. ಸಂಖ್ಯೆ ಒಂದೇ, ಉರಿಯುವ ವೇಗ ಬೇರೆ. ಹೊಸದು ಇನ್ನೂ ಚುರುಕು. ಹಳೆಯದರ ಅಳತೆಯನ್ನು ಹೊಸದಕ್ಕೆ ಬಳಸಬಾರದೆಂದು ಕೈಪಿಡಿಗಳು ಸಾರಿ ಸಾರಿ ಹೇಳಬೇಕಾಯಿತು. ಡಬ್ಬಿಯ ಮೇಲೆ ಸಂಖ್ಯೆ ಅಚ್ಚಾಗಿರುವ ಮದ್ದಿನಲ್ಲೇ ಇಷ್ಟು ತೊಡಕಿದ್ದರೆ, ಹೆಸರೇ ಇಲ್ಲದ ಪೊಟ್ಟಣದ ಮದ್ದಿನ ಗತಿ ಏನು?

ಕರಿಮದ್ದಿಗೂ ಬದಲಿ ಹುಡುಕಿದವರಿದ್ದಾರೆ. ಸಾಗಣೆ ದಾಸ್ತಾನಿನ ನಿರ್ಬಂಧಗಳಿಂದ ಕರಿಮದ್ದು ದುರ್ಲಭವಾದಾಗ ಅಮೆರಿಕದ ಡ್ಯಾನ್ ಪಾವ್ಲಾಕ್ 1970ರ ದಶಕದಲ್ಲಿ ಪೈರೊಡೆಕ್ಸ್ ಎಂಬ ಬದಲಿ ಮದ್ದನ್ನು ರೂಪಿಸಿದರು. ಕೇಪಿನ ಕೋವಿಗೆ ಹೊಂದುವಂಥದ್ದೇ. ಆದರೆ ಅದು ಕರಿಮದ್ದಿಗಿಂತ ಹಗುರ, ಆದ್ದರಿಂದ ತೂಕದಿಂದ ಅಳೆಯದೆ ಗಾತ್ರದಿಂದ ಅಳೆಯಬೇಕು. ಕಿಡಿ ಹಿಡಿಯುವುದು ನಿಧಾನ, ಹಾಗಾಗಿ ಚಕಮಕಿ ಕೋವಿಗೆ ಸರಿಬರುವುದಿಲ್ಲ. ಇದೆಲ್ಲ ತಿಳಿದಿದ್ದ ಆ ಪಾವ್ಲಾಕರೇ 1977ರಲ್ಲಿ ತಮ್ಮ ಕಾರ್ಖಾನೆಯ ದುರಂತದಲ್ಲಿ ಸಹೋದ್ಯೋಗಿಗಳೊಂದಿಗೆ ತೀರಿಕೊಂಡರು. ಮದ್ದನ್ನು ಕಂಡುಹಿಡಿದವನನ್ನೂ ಮದ್ದು ಬಿಡಲಿಲ್ಲ ಎಂಬುದನ್ನು ನಮ್ಮವರು ನೆನಪಿನಲ್ಲಿಡಬೇಕು.

ಈಚಿನ ವರ್ಷಗಳಲ್ಲೂ ಅಭಾವ ತಪ್ಪಿಲ್ಲ. 2020ರ ಕೋವಿಡ್ ಕಾಲದಲ್ಲಿ ಅಮೆರಿಕದ ಅಂಗಡಿಗಳ ಕಪಾಟು ಬರಿದಾದವು. 2022ರಲ್ಲಿ ಉಕ್ರೇನ್ ಯುದ್ಧ ತೀವ್ರವಾದ ಮೇಲೆ ನೈಟ್ರೋಸೆಲ್ಯುಲೋಸ್ ಸೈನ್ಯಗಳ ಕಡೆಗೆ ಹರಿದು, 2024ರ ಹೊತ್ತಿಗೆ ಹವ್ಯಾಸಿಗಳಿಗೆ ಮದ್ದು ಸಿಗುವುದೇ ಕಷ್ಟವಾಯಿತು. ಅಲ್ಲಿನ ಅನುಭವಿಗಳು ಪಾಲಿಸುವ ನಿಯಮ ಒಂದೇ: ಬದಲಿ ಮದ್ದೆಂದರೆ ತಯಾರಕರು ಆ ತೋಟಾಕ್ಕೆಂದೇ ಪರೀಕ್ಷಿಸಿ ಅಳತೆ ಪ್ರಕಟಿಸಿದ ಮದ್ದು ಮಾತ್ರ. ಅಳತೆ ಪ್ರಕಟವಾಗಿಲ್ಲವೆಂದರೆ ಆ ಮದ್ದು ಇಲ್ಲವೆಂದೇ ಲೆಕ್ಕ. ಎರಡು ಮದ್ದನ್ನು ಬೆರೆಸುವ ಮಾತಂತೂ ಅವರಲ್ಲಿ ಇಲ್ಲವೇ ಇಲ್ಲ.

ನಮ್ಮಲ್ಲಿ ಕೇಳಿಬರುವ ಸಲಹೆಗಳು

ಪಟಾಕಿ ಬಿಚ್ಚಿ ಅದರ ಮದ್ದು ತುಂಬಿದರೆ ಸಾಕೆನ್ನುವವರು ಇದ್ದಾರೆ. ಪಟಾಕಿಯ ಮದ್ದು ಸದ್ದಿಗಾಗಿ ಒಮ್ಮೆಲೇ ಸಿಡಿಯಲು ಮಾಡಿದ್ದು, ಚರೆಯನ್ನು ತಳ್ಳಲು ಮಾಡಿದ್ದಲ್ಲ. ಉಜ್ಜಿದರೂ ಹೊತ್ತಿಕೊಳ್ಳುವ ಬಗೆಗಳು ಅದರಲ್ಲಿವೆ. ಗಜದಿಂದ ಜಡಿಯುವಾಗಲೇ ಕೈ ಹೋಗಬಹುದು.

ಕೊಳವೆಯಲ್ಲಿ ಕಾರ್ಬೈಡ್ ಹಾಕಿ ಮಂಗ ಓಡಿಸುವ ಉಪಾಯವೂ ಹಬ್ಬಿದೆ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಈ ಕಾರ್ಬೈಡ್ ಕೋವಿಯಿಂದ ಅನೇಕ ಮಕ್ಕಳ ಕಣ್ಣಿಗೆ ಏಟು ಬಿದ್ದು ದೇಶವೇ ಬೆಚ್ಚಿತು. ಸಿಡಿಯಲಿಲ್ಲವೆಂದು ಕೊಳವೆಯೊಳಗೆ ಇಣುಕಿದವರಿಗೆ ಆಗುವ ಅನಾಹುತವಿದು.

ಒದ್ದೆಯಾದ ತೋಟಾವನ್ನು ಒಲೆಯ ಮೇಲಿನ ಅಟ್ಟದಲ್ಲೋ ಅಡಿಕೆ ಡ್ರೈಯರಿನಲ್ಲೋ ಒಣಗಿಸುವುದು ಮೂರನೆಯ ತಪ್ಪು. ಬಿಸಿ ಮತ್ತು ತೇವ ಎರಡೂ ಮದ್ದನ್ನು ಕೆಡಿಸುತ್ತವೆ. ಉಬ್ಬಿದ ತೋಟಾವನ್ನು ಬಲವಂತದಿಂದ ಕೋವಿಗೆ ತುರುಕಬೇಡಿ.

ಕಾನೂನಿನ ಮಾತು

ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ 10 ವರ್ಷಕ್ಕೆ ವಿಸ್ತರಿಸಿತು. ಆದರೆ ಕೋವಿ ಇಟ್ಟುಕೊಳ್ಳುವ ಹಕ್ಕು ಮದ್ದು ತಯಾರಿಸುವ ಹಕ್ಕಲ್ಲ. 1959ರ ಆಯುಧ ಕಾಯಿದೆಯಲ್ಲಿ ಮದ್ದುಗುಂಡು ತಯಾರಿಕೆಗೆ ಬೇರೆಯೇ ಪರವಾನಗಿ ಬೇಕು. 1972ರ ವನ್ಯಜೀವಿ ಕಾಯಿದೆಯೂ ತಲೆಯ ಮೇಲಿದೆ. ಕೈ ಸುಟ್ಟುಕೊಂಡವರು ಆಸ್ಪತ್ರೆಯ ಜೊತೆಗೆ ಠಾಣೆಯನ್ನೂ ಕಾಣಬೇಕಾದೀತು.

ಹಾಗಾದರೆ ಮಾಡುವುದೇನು?

ಪರವಾನಗಿಯಲ್ಲಿ ಅನುಮತಿಸಿದ ಪ್ರಮಾಣದ ತೋಟಾಗಳನ್ನು ಹಂಗಾಮಿಗೆ ಮೊದಲೇ, ಬೇಸಗೆಯಲ್ಲೇ ಅಂಗಡಿಯಲ್ಲಿ ವಿಚಾರಿಸಿ ಕೊಳ್ಳಿ. ರಸೀದಿ ಇಟ್ಟುಕೊಳ್ಳಿ. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ, ಬಿಸಿ ತಾಗದ ಒಣ ಜಾಗದಲ್ಲಿ, ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡಿ. ಹಳೆಯದನ್ನು ಮೊದಲು ಬಳಸಿ. ಕುದುರೆ ಎಳೆದರೂ ಈಡು ಹಾರದಿದ್ದರೆ ನಳಿಗೆಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದೇ ಒಂದು ನಿಮಿಷ ಕಾಯಿರಿ. ಸದ್ದು ಪುಸ್ಸೆಂದು ಮಾತ್ರ ಬಂದರೆ, ಕೋವಿ ಖಾಲಿ ಮಾಡಿ ನಳಿಗೆಯಲ್ಲಿ ಏನಾದರೂ ಸಿಕ್ಕಿಕೊಂಡಿದೆಯೇ ನೋಡುವವರೆಗೆ ಎರಡನೆಯ ಈಡು ಹೊಡೆಯಬೇಡಿ. ಕೆಟ್ಟ ತೋಟಾಗಳನ್ನು ಒಡೆಯದೆ, ಬೆಂಕಿಗೆ ಎಸೆಯದೆ, ಪರವಾನಗಿ ಪಡೆದ ವ್ಯಾಪಾರಿಯನ್ನೋ ಠಾಣೆಯನ್ನೋ ಕೇಳಿ ಒಪ್ಪಿಸಿ.

ತೋಟಾ ಸಿಗದ ತಿಂಗಳುಗಳಲ್ಲಿ ಸೌರಬೇಲಿ, ಸರದಿಯ ಕಾವಲು, ತಗಡು ಡಬ್ಬದ ಸದ್ದು, ನಾಯಿ, ಇವೇ ನಮ್ಮ ಬದಲಿ ಮದ್ದು. ಅಕ್ಕಪಕ್ಕದ ನಾಲ್ಕು ತೋಟದವರು ಸೇರಿ ಕಾವಲು ಹಂಚಿಕೊಂಡರೆ ಒಬ್ಬೊಬ್ಬರ ನಿದ್ದೆಯೂ ಅಷ್ಟು ಕೆಡುವುದಿಲ್ಲ. ಬೆಳೆ ಹಾನಿಯಾದರೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕುವುದನ್ನು ಮರೆಯಬೇಡಿ.

ಅಂದು ಕಚೇರಿಗೆ ಬಂದ ಆ ಸದಸ್ಯರು ನಾಲ್ಕು ಹಳೆಯ ತೋಟಾಗಳನ್ನು ಒಡೆಯಲಿಲ್ಲ. ಆ ವರ್ಷ ಮಂಗಗಳು ಅವರ ತೋಟದ ಮೂಲೆಯಲ್ಲಿ ಒಂದಷ್ಟು ಗೊನೆ ಹಾಳುಮಾಡಿದವು. ಮಹಾಸಭೆಗೆ ಬಂದಾಗ ಅವರೇ ಹೇಳಿದರು: “ಹೋದ ಅಡಿಕೆ ಮುಂದಿನ ವರ್ಷ ಬರುತ್ತದೆ ಮಾರಾಯ್ರೆ, ಹೋದ ಬೆರಳು ಬರುತ್ತದೆಯೆ?” ಆ ಎರಡೂ ಕೈಗಳಿಂದ ಅವರು ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಕುಳಿತದ್ದನ್ನು ಕಂಡು ನಮಗೆ ಸಮಾಧಾನವಾಯಿತು. ಎಲ್ಲ ಸದಸ್ಯರೂ ಹಾಗೆಯೇ ಬಂದು ಕೂರಬೇಕೆಂಬುದೇ ನಮ್ಮ ಕೋರಿಕೆ.