ನದಿಗೆ ಬಂದ ಅತಿಥಿ ಊರೊಳಗೂ ಬರಲಿ

ಮಳವಳ್ಳಿ ತಾಲ್ಲೂಕಿನ ಭೀಮೇಶ್ವರಿಯಲ್ಲಿ ಒಂದು ಕಾಲಕ್ಕೆ ರಾಗಿ ಮುದ್ದೆ ಊಟಕ್ಕೂ ಬೇಕಿತ್ತು, ಗಾಳಕ್ಕೂ ಬೇಕಿತ್ತು. ಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ, ಚೆನ್ನಾಗಿ ನಾದಿ, ಉಂಡೆ ಕಟ್ಟಿ ಕೊಕ್ಕೆಗೆ ಸಿಕ್ಕಿಸಿ ಕಾವೇರಿಯ ಮಡುವಿಗೆ ಎಸೆದರೆ ಮಹಶೀರ್ ಬಂದು ಕಚ್ಚುತ್ತಿತ್ತು. ನದಿ ದಂಡೆಯವರು ಅದನ್ನು ಬಿಳಿ ಮೀನು ಅನ್ನುತ್ತಾರೆ. ಈ ಸೀಮೆಗೆ ಪ್ರವಾಸೋದ್ಯಮ ಬಂದದ್ದೇ ಆ ಮೀನಿನ ಬೆನ್ನು ಹತ್ತಿ.

1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ 120 ಪೌಂಡ್ ತೂಕದ ಮಹಶೀರ್ ಹಿಡಿದಿದ್ದರು. 1970ರ ದಶಕದ ಕೊನೆಗೆ ಇಂಗ್ಲೆಂಡಿನಿಂದ ಬಂದ ಮೂವರು ಗಾಳಗಾರರು ಕಾವೇರಿಯಲ್ಲಿ ದೊಡ್ಡ ಮೀನುಗಳು ಇನ್ನೂ ಉಳಿದಿವೆ ಎಂದು ತೋರಿಸಿಕೊಟ್ಟರು. 1980ರಲ್ಲಿ ಹುಟ್ಟಿದ ಸರ್ಕಾರಿ ಸಂಸ್ಥೆ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಮುಂದೆ ಭೀಮೇಶ್ವರಿಯಲ್ಲಿ ಶಿಬಿರ ತೆರೆಯಿತು. ಹಿಡಿದ ಮೀನನ್ನು ತೂಗಿ, ಫೋಟೊ ತೆಗೆದು, ಮತ್ತೆ ನೀರಿಗೆ ಬಿಡಬೇಕು ಎಂಬುದು ಅಲ್ಲಿನ ನಿಯಮವಾಗಿತ್ತು. ಮೊದಲು ಹೊಳೆಗೆ ಸಿಡಿಮದ್ದು ಎಸೆದು ಮೀನು ಕೊಲ್ಲುತ್ತಿದ್ದವರಲ್ಲೇ ಕೆಲವರು ಹರಿಗೋಲು ಹಾಕುವವರಾದರು, ಗಾಳಗಾರರಿಗೆ ದಾರಿ ತೋರಿಸುವವರಾದರು, ಕಾವಲಿಗೂ ನಿಂತರು. ಬದುಕಿರುವ ಮೀನೂ ಸಂಬಳ ತರುತ್ತದೆ ಎಂದು ಗೊತ್ತಾದಾಗ ಹೊಳೆಗೆ ಕಾಯುವವರು ಸಿಕ್ಕರು.

ಭೀಮೇಶ್ವರಿಯ ಸುತ್ತಲಿನ ವನ್ಯಧಾಮದೊಳಗೆ ಗಾಳ ಹಾಕುವುದು 2010ರ ದಶಕದ ಆರಂಭದಲ್ಲಿ ನಿಂತಿತು. 2018ರಲ್ಲಿ ಕಾವೇರಿಯ ಈ ಮಹಶೀರ್ ಅಳಿವಿನ ಅಂಚಿನ ಜೀವಿಗಳ ಪಟ್ಟಿ ಸೇರಿತು. ಭೀಮೇಶ್ವರಿಯ ಶಿಬಿರ ಹರಿಗೋಲು, ಚಾರಣಗಳೊಂದಿಗೆ ಮುಂದುವರಿಯಿತು. ಆದರೆ ಅಲ್ಲಿಗೆ ಬಂದವರ ಊಟ, ನಿದ್ದೆ ಎಲ್ಲ ಶಿಬಿರದಲ್ಲೇ. ಸುತ್ತಲ ಊರಿನವರಿಗೆ ಕೂಲಿ ದಕ್ಕಿತು, ಅತಿಥಿ ದಕ್ಕಲಿಲ್ಲ.

ಅತಿಥಿ ಮನೆಯೊಳಗೇ ಉಳಿಯುವ ಹೋಂಸ್ಟೇ ನಮ್ಮಲ್ಲಿ ಬೆಳೆದದ್ದು ಕೊಡಗಿನಲ್ಲಿ. ಕಾಫಿ ಬೆಲೆ ನೆಲ ಕಚ್ಚಿದ 2000ರ ಆಸುಪಾಸಿನಲ್ಲಿ ತೋಟದ ಮನೆಗಳು ಖಾಲಿ ಕೋಣೆಗಳ ಬಾಗಿಲು ತೆರೆದವು. ಪ್ರವಾಸೋದ್ಯಮ ಇಲಾಖೆ ಇವುಗಳ ನೋಂದಣಿಗೆ ವ್ಯವಸ್ಥೆ ಮಾಡಿತು. ಆದರೆ ಕೊಡಗಿನ ಮನೆ ದೊಡ್ಡದು, ಮಳವಳ್ಳಿ ಸೀಮೆಯ ಪೂರಿಗಾಲಿಯಂಥ ಊರಿನ ಮನೆ ಚಿಕ್ಕದು. ಒಂದೇ ಸಂಸಾರ ವರ್ಷವಿಡೀ ಅತಿಥಿಯನ್ನು ಸುಧಾರಿಸುವುದು ಇಲ್ಲಿ ಆಗದ ಮಾತು.

ಇದಕ್ಕೊಂದು ದಾರಿ ಮಧ್ಯ ಅಮೆರಿಕದ ಬೆಲೀಝ್ ದೇಶದಲ್ಲಿದೆ. ಅಲ್ಲಿನ ಟೊಲೆಡೊ ಜಿಲ್ಲೆಯ ಮಾಯಾ ರೈತರು 1990ರಲ್ಲಿ ನೆರೆಯ ಗರಿಫುನಾ ಜನರೊಡನೆ ಸೇರಿ ಟೊಲೆಡೊ ಇಕೋಟೂರಿಸಂ ಅಸೋಸಿಯೇಷನ್ ಕಟ್ಟಿದರು. ಮಲಗಲು ಊರಿಗೊಂದು ಅತಿಥಿಗೃಹ. ಊಟ ಮಾತ್ರ ಸರದಿಯಂತೆ ಬೇರೆ ಬೇರೆ ಮನೆಗಳಲ್ಲಿ. ಕಾಡು ಸುತ್ತಿಸುವ ಕೆಲಸವೂ ಸರದಿಯದ್ದೇ. ಗಳಿಕೆಯ ಒಂದು ಪಾಲು ಊರಿನ ನಿಧಿಗೆ. ವಾರಾನ್ನ ಉಂಡು ಓದಿದವರ ನಾಡಿಗೆ ಈ ಲೆಕ್ಕ ಹೊಸದೇನಲ್ಲ.

ಸರದಿ ಪದ್ಧತಿ ಮಳವಳ್ಳಿ ಸೀಮೆಗೆ ಎಷ್ಟು ಹೊಂದುತ್ತದೆ ಎಂಬುದು ರೇಷ್ಮೆ ಮನೆಗಳನ್ನು ನೋಡಿದರೆ ತಿಳಿಯುತ್ತದೆ. ಹುಳು ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಮೇಲೆ ಮನೆಯವರಿಗೆ ಹಗಲು ರಾತ್ರಿ ಸೊಪ್ಪು ಹಾಕುವುದೇ ಕೆಲಸ. ಸೋಂಕು ತಗುಲೀತೆಂದು ಬಾಗಿಲಲ್ಲಿ ಸುಣ್ಣ, ಬ್ಲೀಚಿಂಗ್ ಪುಡಿ ಹಾಕಿರುತ್ತಾರೆ. ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ಆ ವಾರ ಆ ಮನೆಯ ಸರದಿ ಪಕ್ಕದ ಮನೆಗೆ ಹೋದರಾಯಿತು. ಅತಿಥಿಗಾಗಿ ಬೇಸಾಯ ಕೆಡುವುದಿಲ್ಲ.

ತೋರಿಸಲು ಇಲ್ಲಿ ಏನೂ ಇಲ್ಲ ಎನ್ನುವಂತಿಲ್ಲ. ಗಗನಚುಕ್ಕಿ ಜಲಪಾತ ಇದೇ ತಾಲ್ಲೂಕಿನದು. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದದ್ದು ಶಿವನಸಮುದ್ರದಿಂದ. ಹೆಸರುವಾಸಿ ಬಂಡೂರು ಕುರಿಯ ತವರೂ ಇದೇ ತಾಲ್ಲೂಕು. ಈಗ ಜನ ಜಲಪಾತ ನೋಡಿ ಸಂಜೆಯೊಳಗೆ ಬೆಂಗಳೂರಿಗೋ ಮೈಸೂರಿಗೋ ಮರಳುತ್ತಾರೆ.

ಅವರು ಒಂದು ರಾತ್ರಿ ಊರಲ್ಲಿ ಉಳಿದರೆ ಮುದ್ದೆ, ಉಪ್ಸಾರು ಬಡಿಸಿದ ಹೆಣ್ಣುಮಗಳ ಕೈಗೇ ದುಡ್ಡು ಸೇರುತ್ತದೆ. ಸರದಿ ನಡೆಸಲು ಹಳ್ಳಿಹಳ್ಳಿಯಲ್ಲಿ ಸ್ತ್ರೀಶಕ್ತಿ ಸಂಘಗಳಿವೆ, ಲೆಕ್ಕ ಇಡುವುದು ಅವುಗಳಿಗೆ ಗೊತ್ತು. ಪಂಚಾಯಿತಿ ಒಂದು ಕಟ್ಟಡ ಕೊಟ್ಟು, ಇಲಾಖೆ ತರಬೇತಿ ಕೊಟ್ಟರೆ ಕೆಲಸ ಶುರುವಾಗುತ್ತದೆ. ಕೆಲವರಿಗೆ ಸಂಬಳ ಸಿಕ್ಕಿದ್ದಕ್ಕೇ ಹೊಳೆಗೆ ಕಾವಲು ದೊರೆಯಿತು. ಗಳಿಕೆ ಮನೆಮನೆಗೂ ಹಂಚಿಕೆಯಾದರೆ ಇಡೀ ಊರೇ ಹೊಳೆ ಕಾಯುತ್ತದೆ.