ಲಂಗರು ಹಿಡಿಯೋದು ತೂಕದಿಂದಲಾ?

ಬೇಲೂರು ಚೆನ್ನಕೇಶವ ಗುಡಿಯ ಅಂಗಳದಲ್ಲಿ
ಆ 42 ಅಡಿ ಕಲ್ಲುಕಂಬ ನೋಡಿದ್ದೀರಾ?
ಬುಡ ಹೂತಿಲ್ಲ.
ಜಗತಿಯ ಮೇಲೆ, ಬರೀ ತನ್ನ ಭಾರದಿಂದ ನಿಂತಿದೆ!

ಹಾಗಾದ್ರೆ ಹಾಯಿದೋಣಿಯ ಲಂಗರೂ
ತೂಕದಿಂದಲೇ ಹಿಡಿಯುತ್ತಾ?
ಇಲ್ಲ!

ಕಂಬದ ಭಾರ ನೇರ ಕೆಳಕ್ಕೆ.
ಗಾಳಿ ದೋಣಿಯನ್ನ ಎಳೆಯೋದು ಅಡ್ಡಕ್ಕೆ.
ಅದಕ್ಕೇ ಲಂಗರು ತಳದ ಮಣ್ಣನ್ನ ಕಚ್ಚಬೇಕು,
ಒಳಗೆ ಹೂತುಕೊಳ್ಳಬೇಕು.

ಸರಿ, ಯಾವ ಲಂಗರು ಆರಿಸೋದು?

ಡ್ಯಾನ್‌ಫೋರ್ತ್ ಮಾದರಿ ಹಗುರ.
ಮರಳಲ್ಲಿ ಭರ್ಜರಿ ಹಿಡಿತ.
ಆದ್ರೆ ಗಾಳಿ ದಿಕ್ಕು ಬದಲಿಸಿದ್ರೆ
ಕಿತ್ತು ಬರಬಹುದು.

ರೋಕ್ನಾ, ಸ್ಪೇಡ್ ಹೊಸ ಪೀಳಿಗೆ.
ಚೂಪು ಮೂತಿ, ಒಳಬಾಗಿದ ಅಲಗು.
ಬೇಗ ಕಚ್ಚುತ್ತೆ.
ದೋಣಿ ತಿರುಗಿದ್ರೂ ಮತ್ತೆ ಹೂತುಕೊಳ್ಳುತ್ತೆ.

ಇನ್ನು ಸರಪಳಿ.
ನೀರಿನ ಆಳ, ದೋಣಿ ಮೂತಿಯ ಎತ್ತರ
ಎರಡೂ ಸೇರಿ 6 ಮೀಟರ್ ಅಂದ್ಕೊಳ್ಳಿ.
ಕನಿಷ್ಠ 30 ಮೀಟರ್ ಬಿಡಿ.
ಬಿರುಗಾಳಿ ಇದ್ರೆ ಇನ್ನೂ ಜಾಸ್ತಿ.
ಸರಪಳಿ ಗಿಡ್ಡ ಆದ್ರೆ
ಎಳೆತ ಮೇಲ್ಮುಖ ಆಗುತ್ತೆ, ಲಂಗರು ಕಿತ್ತು ಬರುತ್ತೆ.

ಲಂಗರು ಹಾಕಿದ ಮೇಲೆ ಇಂಜಿನ್ ರಿವರ್ಸ್ ಕೊಟ್ಟು
ಎಳೆದು ನೋಡಿ.
ಜಾರಿದ್ರೆ ಎತ್ತಿ ಮತ್ತೆ ಹಾಕಿ.

ದೂರ ಪ್ರಯಾಣಕ್ಕೆ ಹೊರಟಿದ್ದೀರಾ?
ತಯಾರಕರ ಪಟ್ಟಿ ಹೇಳೋದಕ್ಕಿಂತ
ಒಂದು ಸೈಜ್ ದೊಡ್ಡದನ್ನೇ ತಗೊಳ್ಳಿ.
ಅಲಗು ಅಗಲ ಆದಷ್ಟೂ ಹಿಡಿತ ಗಟ್ಟಿ!