ಯುಲಿಮಿಟ್: ಶೆಲ್‌ನಿಂದಲೇ ಮಿತಿ ಹಾಕೋದು ಹೇಗೆ?

ನಿಮ್ಮ ಸರ್ವರ್ ಪ್ರೋಗ್ರಾಂ ‘ಟೂ ಮೆನಿ ಓಪನ್ ಫೈಲ್ಸ್’ ಅಂತ ನಿಂತುಹೋಯ್ತಾ? ಡಿಸ್ಕ್ ತುಂಬಿಲ್ಲ, ಮೆಮೊರಿ ಬೇಕಾದಷ್ಟಿದೆ. ಮುಗಿದಿರೋದು ಮಿತಿ.

ಟರ್ಮಿನಲ್‌ನಲ್ಲಿ ಯುಲಿಮಿಟ್ ಹೈಫನ್ ಎನ್ ಅಂತ ಟೈಪ್ ಮಾಡಿ. ಬಹಳಷ್ಟು ಲಿನಕ್ಸ್‌ಗಳಲ್ಲಿ 1024 ಅಂತ ಬರುತ್ತೆ. ಒಂದು ಪ್ರೊಸೆಸ್ ಏಕಕಾಲಕ್ಕೆ ತೆರೆದಿಡಬಹುದಾದ ಫೈಲ್‌ಗಳು ಅಷ್ಟೇ. ನೆಟ್‌ವರ್ಕ್ ಸಂಪರ್ಕಗಳೂ ಈ ಲೆಕ್ಕಕ್ಕೇ ಸೇರ್ತವೆ. ಸರ್ವರ್‌ಗಳು ಸಿಕ್ಕಿಬೀಳೋದು ಇಲ್ಲೇ.

ಮಿತಿಯಲ್ಲಿ ಎರಡು ಬಗೆ. ಸಾಫ್ಟ್ ಅನ್ನೋದು ಈಗ ಜಾರಿಯಲ್ಲಿರೋದು. ಅದನ್ನ ಹಾರ್ಡ್ ಮಿತಿಯವರೆಗೆ ನೀವೇ ಏರಿಸಬಹುದು. ಆದ್ರೆ ಹಾರ್ಡ್ ಮಿತಿಯನ್ನ ಒಮ್ಮೆ ಇಳಿಸಿದ್ರೆ, ರೂಟ್ ಅಧಿಕಾರ ಇಲ್ಲದೆ ಮತ್ತೆ ಏರಿಸೋಕಾಗಲ್ಲ.

ಇಲ್ಲಿ ಹುಷಾರು! ಬ್ಯಾಶ್‌ನಲ್ಲಿ ಬರೀ ಯುಲಿಮಿಟ್ ಹೈಫನ್ ಎನ್ 2048 ಅಂದ್ರೆ ಎರಡೂ ಮಿತಿಗಳು ಒಟ್ಟಿಗೇ ಬದಲಾಗ್ತವೆ. ದಯವಿಟ್ಟು ಹೈಫನ್ ದೊಡ್ಡ ಎಸ್ ಸೇರಿಸಿ, ಆಗ ಸಾಫ್ಟ್ ಮಾತ್ರ ಬದಲಾಗುತ್ತೆ.

ಯುಲಿಮಿಟ್ ಶೆಲ್‌ನ ಒಳಗೇ ಇರೋ ಆಜ್ಞೆ. ಯಾಕೆ ಗೊತ್ತಾ? ಮಿತಿಗಳು ಪೇರೆಂಟ್ ಪ್ರೊಸೆಸ್‌ನಿಂದ ಚೈಲ್ಡ್‌ಗೆ ಬರ್ತವೆ, ತಿರುಗಿ ಮೇಲಕ್ಕೆ ಹೋಗಲ್ಲ. ಅದು ಬೇರೆ ಪ್ರೋಗ್ರಾಂ ಆಗಿದ್ದಿದ್ರೆ ತನ್ನ ಮಿತಿಯನ್ನಷ್ಟೇ ಬದಲಿಸಿ ಮುಗಿದುಹೋಗ್ತಿತ್ತು. ಅದಕ್ಕೇ ನನ್ನ ಸಲಹೆ: ಪ್ರಯೋಗಗಳನ್ನ ಸಬ್‌ಶೆಲ್‌ನಲ್ಲಿ ಮಾಡಿ, ಮುಖ್ಯ ಶೆಲ್ ಇದ್ದ ಹಾಗೇ ಇರುತ್ತೆ.

ಟರ್ಮಿನಲ್ ಮುಚ್ಚಿದ್ರೆ ಈ ಬದಲಾವಣೆ ಹೋಯ್ತು. ಲಾಗಿನ್‌ಗಳಿಗೆ ಕಾಯಂ ಬೇಕಾದ್ರೆ ಲಿಮಿಟ್ಸ್ ಡಾಟ್ ಕಾನ್ಫ್ ಫೈಲ್ ಇದೆ. ಸಿಸ್ಟಮ್‌ಡಿ ನಡೆಸೋ ಸರ್ವಿಸ್‌ಗಳಿಗೆ ಅದು ಸಾಮಾನ್ಯವಾಗಿ ತಾಗಲ್ಲ. ಅವುಗಳ ಯುನಿಟ್ ಫೈಲ್‌ನಲ್ಲೇ ಲಿಮಿಟ್‌ನೋಫೈಲ್ ಅಂತ ಬರೀರಿ, ಸಿಸ್ಟಮ್‌ಸಿಟಿಎಲ್ ಡೀಮನ್ ಹೈಫನ್ ರೀಲೋಡ್ ಕೊಟ್ಟು ಸರ್ವಿಸ್ ರೀಸ್ಟಾರ್ಟ್ ಮಾಡಿ.